ಮಕ್ಕಳೊಂದಿಗೆ ಹುಳ ನೋಡಲು ಹೋಗುವುದು: ಧಾರವಾಡ, ಗದಗ, ಹಾವೇರಿ ಕಡೆಯವರ ಅನುಭವ ಬೇಕು

ಕೆಲಗೇರಿ ದಂಡೆ · ಜೂನ್ 10

ಮಿರಗ ಕೂಡಿ ಮೊದಲ ಮಳೆಯೂ ಆಗಿದೆ. ಇಲ್ಲಿಂದ ಸ್ವಾತಿ ಮಳೆಯವರೆಗೆ ನಮ್ಮ ಸೀಮೆಯಲ್ಲಿ ಹುಳಹುಪ್ಪಡಿಗಳದ್ದೇ ಕಾರಭಾರ. ನಮ್ಮ ಓಣಿಯ ಕೆಲವು ಪಾಲಕರು ಸೇರಿ ರವಿವಾರ ಬೆಳಿಗ್ಗೆ ಮಕ್ಕಳನ್ನು ಹುಳ ನೋಡಲು ಕರೆದೊಯ್ಯುವ ಪರಿಪಾಠ ಇಟ್ಟುಕೊಂಡಿದ್ದೇವೆ. ಒಂದನೆಯ ಇಯತ್ತೆಯವರಿಂದ ಹಿಡಿದು ಏಳನೆಯವರೆಗಿನ ಮಕ್ಕಳು ಬರುತ್ತಾರೆ. ಈ ಹಂಗಾಮಿನಲ್ಲಿ ಇದನ್ನು ಹೇಗೆ ನಡೆಸಬೇಕೆಂಬುದರ ಬಗ್ಗೆ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿರುವುದರಿಂದ ವಿಷಯವನ್ನು ಇಲ್ಲಿಡುತ್ತಿದ್ದೇನೆ.

ಅಂತರ್ಜಾಲದಿಂದ ಇಳಿಸಿಕೊಂಡ ಒಂದು ಹಾಳೆಯನ್ನು ಮಕ್ಕಳ ಕೈಗೆ ಕೊಡುವುದು ಈಗ ರೂಢಿಯಾಗಿದೆ. ಅದರಲ್ಲಿ ಹುಳಗಳ ಚಿತ್ರಗಳಿರುತ್ತವೆ, ಕಂಡದ್ದಕ್ಕೆ ಗುರುತು ಹಾಕಬೇಕು, ಮೊದಲು ಮುಗಿಸಿದವರು ಗೆದ್ದಂತೆ. ಇದಕ್ಕೆ ನನ್ನ ತಕರಾರು ಎರಡು. ಮೊದಲನೆಯದು, ಆ ಹಾಳೆಗಳಲ್ಲಿರುವುದು ಬಹುಪಾಲು ಇಂಗ್ಲೆಂಡಿನ ತೋಟದ ಜೀವಿಗಳು. ಬಂಬಲ್‌ಬೀ ಎಂಬ ಜೇನು ನಮ್ಮ ದೇಶದಲ್ಲಿ ಬಹುತೇಕ ಹಿಮಾಲಯದ ತಂಪಿನಲ್ಲಿ ಬದುಕುವಂಥದ್ದು. ಧಾರವಾಡದ ಮಕ್ಕಳು ಅದನ್ನು ಹುಡುಕಿ ಬೇಸತ್ತು, ಕಡೆಗೆ ಬೇಲಿಯ ಒಣಗೂಟದಲ್ಲಿ ತೂತು ಕೊರೆಯುತ್ತಿರುವ ಕರಿಯ ಬಡಗಿ ದುಂಬಿಯನ್ನು ಕಂಡು ಆ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ಕೂಡಲೇ ಮುಂದಿನ ಚಿತ್ರಕ್ಕೆ ಓಟ. ದುಂಬಿ ಕೊರೆದ ತೂತು ಅಚ್ಚು ಹೊಯ್ದಷ್ಟು ದುಂಡಗಿರುವುದನ್ನಾಗಲಿ, ಅದರ ಕೆಳಗೆ ಕಟ್ಟಿಗೆಯ ಹುಡಿ ಬಿದ್ದಿರುವುದನ್ನಾಗಲಿ ನೋಡಲು ಯಾರಿಗೂ ಪುರಸೊತ್ತಿಲ್ಲ. ಎರಡನೆಯ ತಕರಾರು ಈ ಅವಸರದ ಬಗ್ಗೆಯೇ.

ನಾನು ಹೇಳುವುದು ಇಷ್ಟೇ: ತಿರುಗಾಡಿಸುವುದನ್ನು ಬಿಟ್ಟು ಒಂದೇ ಕಡೆ ಕೂಡ್ರಿಸಬೇಕು. ಒಂದು ಮೊಳ ಉದ್ದ, ಒಂದು ಮೊಳ ಅಗಲದ ನೆಲಕ್ಕೆ ದಾರ ಹಾಕಿ ಇಬ್ಬರು ಮಕ್ಕಳಿಗೆ ಬಿಟ್ಟುಕೊಡಿ. ಇಲ್ಲವೇ ಒಂದು ಎಕ್ಕೆಯ ಗಿಡವನ್ನು ಆರಿಸಿಕೊಳ್ಳಿ. ಕೆಲಗೇರಿಯಿಂದಾಚೆ ಮಾವಿನ ತೋಟಗಳ ಬೇಲಿಗುಂಟ ಎಕ್ಕೆಗೇನೂ ಬರವಿಲ್ಲ. ತುದಿಯ ಚಿಗುರಿನಲ್ಲಿ ಹಳದಿ ಹೇನು ಒತ್ತೊತ್ತಾಗಿ ಕುಳಿತಿರುತ್ತದೆ. ಅದನ್ನು ತಿನ್ನಲು ಗುಲಗಂಜಿ ಹುಳದ ಮರಿಗಳು ಬಂದಿರುತ್ತವೆ, ಹೇನು ಸೂಸುವ ಸಿಹಿನೀರಿಗಾಗಿ ಇರುವೆಗಳು ಸಾಲುಗಟ್ಟಿರುತ್ತವೆ. ಎಲೆ ಕಡಿದ ಗುರುತು ಕಂಡರೆ ಅದರ ಅಡಿಯನ್ನು ನೋಡಬೇಕು. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಮರಿಹುಳವೊಂದು ಅಲ್ಲಿರುತ್ತದೆ, ಅದರ ಬೆನ್ನಿನ ಮೇಲೆ ಮೂರು ಜೋಡಿ ಕರಿಯ ಎಳೆಗಳು ಎದ್ದು ನಿಂತಿರುತ್ತವೆ. ಇದು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಪಾತರಗಿತ್ತಿಯ ಮರಿ. ಎಕ್ಕೆಯ ಹಾಲಿನ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಇದರ ಗೊಡವೆಗೆ ಹೋಗುವುದಿಲ್ಲ, ಹೀಗಾಗಿ ಬಚ್ಚಿಟ್ಟುಕೊಳ್ಳುವ ಅವಶ್ಯಕತೆಯೂ ಅದಕ್ಕಿಲ್ಲ. ಅದೇ ಗಿಡದಲ್ಲಿ ಹಳದಿ ಮತ್ತು ನೀಲಿ ಬಣ್ಣದ ಎಕ್ಕೆಯ ಮಿಡತೆ ಕಂಡರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಒಂದೇ ಗಿಡದಲ್ಲಿ ಎಲೆ ತಿನ್ನುವವರು, ರಸ ಹೀರುವವರು, ಅವರನ್ನು ತಿನ್ನುವವರು, ಅವರ ಎಂಜಲಿಗೆ ಕಾಯುವವರು ಎಲ್ಲರೂ ಇದ್ದಾರೆ. ಎಕ್ಕೆಯ ಹಾಲು ಕಣ್ಣಿಗೆ ತಾಗಿದರೆ ದೊಡ್ಡ ತೊಂದರೆಯಾಗುವುದರಿಂದ ಎಲೆ ಮುರಿಯಬಾರದೆಂಬ ಕಟ್ಟಪ್ಪಣೆಯನ್ನು ಮೊದಲೇ ಮಾಡಿರಬೇಕು.

ಹಿಡಿಯಲು ಬಿಡಬೇಕೋ ಬೇಡವೋ, ಕಲ್ಲು ಎತ್ತಿ ನೋಡುವುದು ಎಷ್ಟು ಸುರಕ್ಷಿತ, ಎರೆ ಭೂಮಿಯ ಕಡೆಯವರು ಮಳೆಗಾಲದಲ್ಲಿ ಏನು ಮಾಡುತ್ತೀರಿ, ಎಂಬುದನ್ನು ತಿಳಿದವರು ಹೇಳಬೇಕು.

ಎರೆಹೊಲ · ಜೂನ್ 10

ನವಲಗುಂದದ ಕಡೆಯ ನೆಲದಲ್ಲಿ ಹದಮಳೆಯಾದ ಮರುದಿನ ದಾರದ ಚೌಕ ಹಾಕಿ ಕೂಡ್ರುವ ಮಾತೇ ಇಲ್ಲ. ಕಾಲಿಟ್ಟರೆ ಚಪ್ಪಲಿ ನೆಲಕ್ಕೇ ಉಳಿಯುತ್ತದೆ. ಧಾರವಾಡದವರು ಅರೆಮಲೆನಾಡಿನ ಅಂಚಿನಲ್ಲಿ, ಕೆಂಪು ಮಣ್ಣಿನಲ್ಲಿ ಇದ್ದೀರಿ. ನಮ್ಮದು ಬದುವಿನ ಮೇಲಿನ ಆಟ. ಬದುವಿನ ಬೇವು, ಜಾಲಿ, ಬಾರಿ ಗಿಡಗಳಲ್ಲಿಯೇ ನಮಗೆ ಎಲ್ಲವೂ ಸಿಗುತ್ತದೆ.

ಹಿಡಿಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಮಗು ಅಂಗೈಯಲ್ಲಿ ಇಟ್ಟುಕೊಳ್ಳದ ಹುಳ ಮಗುವಿನ ನೆನಪಿನಲ್ಲಿ ಉಳಿಯುವುದಿಲ್ಲ. ನಮ್ಮ ತಲೆಮಾರಿನವರೆಲ್ಲ ಜಾಲಿಯ ಗಿಡದಿಂದ ಹಸಿರು ಹೊಳಪಿನ ಜೀರಂಗಿಯನ್ನು ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿಟ್ಟು, ಜಾಲಿಯ ಎಳೆ ಸೊಪ್ಪು ಹಾಕಿ ಸಾಕಿದವರು. ಅದು ಮೊಟ್ಟೆ ಇಟ್ಟ ದಿನ ಶಾಲೆಯಲ್ಲಿ ನಮ್ಮ ದರ್ಬಾರೇ ಬೇರೆಯಿರುತ್ತಿತ್ತು. ಮಿರಗದ ಹುಳಗಳೂ ಅಷ್ಟೇ. ಮೊದಲ ಮಳೆಯ ಮರುದಿನ ಬದುವಿನ ಮೇಲೆ ಕೆಂಪು ಮಖಮಲ್ಲಿನ ಚೂರುಗಳಂತೆ ಹರಿದಾಡುವ ಅವನ್ನು ಅಂಗೈಯ ಮೇಲೆ ಬಿಟ್ಟುಕೊಳ್ಳದ ಬಾಲ್ಯವೂ ಒಂದು ಬಾಲ್ಯವೇ? ದೂರ ಕುಳಿತು ಟಿಪ್ಪಣಿ ಬರೆಯಿಸುವುದು ಮಕ್ಕಳಿಗೆ ಇನ್ನೊಂದು ತಾಸು ಶಾಲೆ ನಡೆಸಿದಂತೆ ಆಗಬಾರದು.

ಉಣಕಲ್ ಮೂರನೇ ಮಹಡಿ · ಜೂನ್ 11

ನಮ್ಮ ವಸತಿ ಸಮುಚ್ಚಯದ ತೋಟಕ್ಕೆ ನಿಯಮಿತವಾಗಿ ಔಷಧ ಹೊಡೆಯುತ್ತಾರೆ. ಅಲ್ಲಿ ಮಕ್ಕಳಿಗೆ ತೋರಿಸಲು ಇರುವೆಯೂ ಉಳಿದಿಲ್ಲ. ಪ್ರತಿ ವಾರ ಊರಾಚೆ ಹೋಗುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಮನೆಯ ಗಚ್ಚಿನಲ್ಲಿ ನಾಲ್ಕು ಕುಂಡಗಳನ್ನಿಟ್ಟುಕೊಂಡವರು ಏನು ಮಾಡಬೇಕೆಂದು ಯಾರಾದರೂ ತಿಳಿಸುವಿರಾ?

ಕೀಟ ವಿದ್ಯಾರ್ಥಿ · ಜೂನ್ 11

ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತೇನೆ. ನಾನು ಇಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದುತ್ತಿದ್ದೇನೆ.

ಮೂರನೇ ಮಹಡಿಯವರು ಒಂದು ಕುಂಡದಲ್ಲಿ ಕರಿಬೇವು ಅಥವಾ ನಿಂಬೆ ಬೆಳೆಸಿ, ಅದಕ್ಕೆ ಏನನ್ನೂ ಸಿಂಪಡಿಸದೆ ಬಿಡಿ. ನಿಂಬೆಯ ಪಾತರಗಿತ್ತಿ ಮಹಡಿಗಳನ್ನು ಎಣಿಸುವುದಿಲ್ಲ, ವಾಸನೆ ಹಿಡಿದು ಬಂದೇ ಬರುತ್ತದೆ. ಸಾಸಿವೆ ಕಾಳಿನಷ್ಟು ಚಿಕ್ಕದಾದ ದುಂಡು ಮೊಟ್ಟೆಯನ್ನು ಎಳೆ ಚಿಗುರಿನ ಮೇಲೆ ಒಂದೊಂದಾಗಿ ಇಡುತ್ತದೆ. ಅದರಿಂದ ಹೊರಬಂದ ಮರಿ ಮೊದಲ ಹಂತಗಳಲ್ಲಿ ಥೇಟ್ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳುಪಾಗಿದ್ದು, ಕಡೆಯ ಬಾರಿ ಪೊರೆ ಬಿಟ್ಟಾಗ ಒಮ್ಮೆಲೇ ಎಲೆಹಸಿರಾಗುತ್ತದೆ. ಈ ಹಸಿರು ಮರಿಯ ತಲೆಯ ಹಿಂಭಾಗವನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಕೆಂಗೇಸರಿ ಬಣ್ಣದ ಕವಲು ಅಂಗವೊಂದು ಹೊರಚಾಚಿ, ಘಾಟು ವಾಸನೆ ಹೊಮ್ಮಿಸಿ, ಮತ್ತೆ ಒಳಸರಿಯುತ್ತದೆ. ಒಮ್ಮೆ ಕಂಡರೆ ಸಾಕು, ಪದೇ ಪದೇ ಕೆಣಕುವುದು ಬೇಡ. ಕೋಶವಾಗಿ, ರೆಕ್ಕೆ ಬಂದು ಹಾರುವವರೆಗೆ ಎಲ್ಲವೂ ಅದೇ ಕುಂಡದಲ್ಲಿ ನಡೆಯುತ್ತದೆ. ಇದಕ್ಕಿಂತ ಹೆಚ್ಚಿನ ಪಾಠವನ್ನು ನಾವು ಯಾವ ಪ್ರಯೋಗಾಲಯದಲ್ಲಿಯೂ ತೋರಿಸಲಾರೆವು.

ಎರೆಹೊಲದವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಕೈಯಲ್ಲಿ ಹಿಡಿದ ಜೀವಿಯ ಕಾಲಿನ ಕೊಕ್ಕೆಗಳು ಚರ್ಮಕ್ಕೆ ಸಿಕ್ಕುವ ಅನುಭವವನ್ನು ಯಾವ ಚಿತ್ರವೂ ಕೊಡುವುದಿಲ್ಲ. ಆದರೆ ಕಡ್ಡಿಪೆಟ್ಟಿಗೆಯ ಜೀರಂಗಿಯ ಕಥೆಯನ್ನು ಕೊನೆಯವರೆಗೂ ಹೇಳಬೇಕಲ್ಲ. ಜೀರಂಗಿ ಮೊಟ್ಟೆ ಇಡಬೇಕಾದದ್ದು ಗಿಡದ ಬುಡದ ಮಣ್ಣಿನಲ್ಲಿ; ಅದರ ಮರಿ ನೆಲದೊಳಗೆ ಬೇರು ತಿಂದು ದೀರ್ಘಕಾಲ ಬೆಳೆದು, ರೆಕ್ಕೆ ಬಂದ ಮೇಲೆ ಮಳೆಗಾಲದ ಕೆಲವೇ ವಾರ ಹೊರಗಿರುತ್ತದೆ. ಪೆಟ್ಟಿಗೆಯಲ್ಲಿಟ್ಟ ಮೊಟ್ಟೆ ಅಲ್ಲಿಯೇ ಒಣಗಿಹೋಗುತ್ತದೆ. ಮಿರಗದ ಹುಳದ ಸ್ಥಿತಿ ಇನ್ನೂ ಸೂಕ್ಷ್ಮ. ಅದಕ್ಕೆ ಎಂಟು ಕಾಲು, ಅದು ಜೇಡ ಮತ್ತು ಉಣ್ಣೆಯ ಬಳಗಕ್ಕೆ ಸೇರಿದ್ದು. ವರ್ಷದ ಬಹುಭಾಗ ನೆಲದೊಳಗಿದ್ದು ಮೊದಲ ಮಳೆಯ ಹಸಿಗೆ ಮೇಲೆ ಬರುತ್ತದೆ. ಗೆದ್ದಲು ಮತ್ತು ಇತರ ಕೀಟಗಳ ಮೊಟ್ಟೆ ಅದರ ಆಹಾರ. ಒಣ ಡಬ್ಬಿಯಲ್ಲಿ ಬಿಸಿಲಿಗಿಟ್ಟರೆ ಅದು ಬದುಕುವುದಿಲ್ಲ. ಎಣ್ಣೆ ತೆಗೆಯಲೆಂದು ಇವನ್ನು ಆಯ್ದು ಮಾರುವವರೂ ಇರುವುದರಿಂದ, ಮಕ್ಕಳ ಕೈಯಿಂದಾದರೂ ಇವು ಪಾರಾಗಲಿ.

ನಾವು ಪಾಲಿಸುವ ಕ್ರಮ ಹೀಗಿದೆ. ಪಾರದರ್ಶಕ ಡಬ್ಬಿ, ಡಬ್ಬಿಗೆ ಒಂದೇ ಜೀವಿ, ನೆರಳಿನಲ್ಲಿ ಇಡುವುದು, ಎಲ್ಲರೂ ಮಸೂರದಲ್ಲಿ ನೋಡಿದ ಕೂಡಲೇ ಹಿಡಿದ ಜಾಗದಲ್ಲಿಯೇ ಬಿಡುವುದು. ಒಂದು ಡಬ್ಬಿಯಲ್ಲಿ ಎರಡನ್ನು ಹಾಕಿದರೆ ಮನೆಗೆ ಬರುವಷ್ಟರಲ್ಲಿ ಒಂದೇ ಉಳಿದಿರುತ್ತದೆ, ಅದೂ ಹೊಟ್ಟೆ ತುಂಬಿಕೊಂಡು. ಪಾತರಗಿತ್ತಿ ಮತ್ತು ಏರೋಪ್ಲೇನ್ ಚಿಟ್ಟೆಗಳ ರೆಕ್ಕೆ ಹಿಡಿಯುವುದಕ್ಕೆ ಅನುಮತಿಯೇ ಇಲ್ಲ. ಕೊಂಬೆಯ ಕೆಳಗೆ ಬಿಚ್ಚಿದ ಛತ್ರಿಯನ್ನು ತಲೆಕೆಳಗಾಗಿ ಹಿಡಿದು ಕೊಂಬೆಯನ್ನು ಎರಡು ಸಲ ಅಲುಗಿಸಿದರೆ ಯಾವ ಹುಳವನ್ನೂ ಬೆನ್ನಟ್ಟುವ ಪ್ರಸಂಗವೇ ಬರುವುದಿಲ್ಲ. ಛತ್ರಿಯ ಒಳಮೈ ತಿಳಿ ಬಣ್ಣದ್ದಾಗಿದ್ದರೆ ಒಳ್ಳೆಯದು. ಸೂಜಿಯಿಂದ ಚುಚ್ಚಿ ಸಂಗ್ರಹ ಮಾಡುವ ಹವ್ಯಾಸವನ್ನು ಮಕ್ಕಳಿಗೆ ಹಚ್ಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಪಾತರಗಿತ್ತಿಗಳೂ ಇವೆ.

ಮಕ್ಕಳ ವೈದ್ಯೆ, ಹುಬ್ಬಳ್ಳಿ · ಜೂನ್ 12

ಕಲ್ಲು ಎತ್ತುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಭಾಗದ ಕಲ್ಲುಗಳಡಿ ಕೆಂಪು ಚೇಳು ಇರುತ್ತದೆ. ಇಕ್ಕಳದಂಥ ದಪ್ಪ ಮುಂಗೈಗಳ ಕರಿ ಚೇಳನ್ನು ಕಂಡು ಹೆದರುವ ಜನ, ಗಾತ್ರದಲ್ಲಿ ಚಿಕ್ಕದಾದ, ತೆಳ್ಳಗಿನ ಮುಂಗೈಗಳ ಈ ಕೆಂಪು ಚೇಳನ್ನು ಹಗುರವಾಗಿ ಕಾಣುತ್ತಾರೆ. ಮಕ್ಕಳಿಗೆ ನಿಜವಾಗಿ ಅಪಾಯಕಾರಿಯಾದದ್ದು ಇದೇ. ಕಚ್ಚಿದ ಮೇಲೆ ಮಗು ವಿಪರೀತ ಬೆವರಿದರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ಒಂದು ನಿಮಿಷವೂ ತಡಮಾಡಬಾರದು. ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸಲು ಹೋಗುವುದು ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಇದಕ್ಕೆ ಸರಿಯಾದ ಚಿಕಿತ್ಸೆ ಇದೆ, ಸಮಯಕ್ಕೆ ಮುಟ್ಟಿಸಬೇಕು ಅಷ್ಟೇ.

ಆದ್ದರಿಂದ ಕಲ್ಲನ್ನು ಮಕ್ಕಳು ಎತ್ತಬಾರದು, ದೊಡ್ಡವರೇ ಎತ್ತಬೇಕು. ಎತ್ತುವಾಗ ತಮ್ಮಿಂದ ದೂರದ ಅಂಚಿಗೆ ಕೋಲು ಹಾಕಿ, ಕಲ್ಲು ತಮ್ಮ ಕಡೆ ಏಳುವಂತೆ ಮೀಟಬೇಕು. ಹಾಗೆ ಮಾಡಿದರೆ ಅಡಿಯಲ್ಲಿ ಹಾವಿರಲಿ ಚೇಳಿರಲಿ, ಅದಕ್ಕೂ ನಿಮಗೂ ನಡುವೆ ಕಲ್ಲೇ ಅಡ್ಡ ಇರುತ್ತದೆ. ಮಕ್ಕಳು ನಿಮ್ಮ ಬೆನ್ನ ಹಿಂದೆ ನಿಲ್ಲಲಿ. ನೋಡಿಯಾದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಳಿಸಿರಿ, ಅದು ಕೆಲವು ಜೀವಿಗಳ ಮನೆಯ ಚಾವಣಿ. ಜರಿ ಮತ್ತು ಸಹಸ್ರಪದಿಗಳ ವ್ಯತ್ಯಾಸವನ್ನು ಮೊದಲೇ ಕಲಿಸಿರಿ. ಮೈಯ ಪ್ರತಿ ಮಣಿಗೆ ಒಂದು ಜೊತೆ ಕಾಲಿದ್ದು ಸರಸರನೆ ಓಡುವ ಜರಿ ಕಚ್ಚುತ್ತದೆ. ಮಣಿಗೆ ಎರಡು ಜೊತೆ ಕಾಲಿದ್ದು, ಮುಟ್ಟಿದರೆ ಚಕ್ರದಂತೆ ಸುತ್ತಿಕೊಳ್ಳುವ ಸಹಸ್ರಪದಿ ಕಚ್ಚುವುದಿಲ್ಲ, ಆದರೂ ಅದು ಸೂಸುವ ರಸ ಕೈಗೆ ತಾಗಿದ್ದರೆ ಕೈ ತೊಳೆಯದೆ ಕಣ್ಣುಜ್ಜಬಾರದು.

ದಾಸವಾಳ, ಬೆಂಡೆ, ತೊಗರಿಯ ಹೂ ತಿನ್ನುವ ಕಪ್ಪು ಮತ್ತು ಕಿತ್ತಳೆ ಪಟ್ಟೆಯ ದುಂಬಿಯನ್ನು ಮಕ್ಕಳು ಚಂದವೆಂದು ಹಿಡಿಯುತ್ತಾರೆ. ಹಿಂಡಿದರೆ ಅದು ಬಿಡುವ ರಸದಿಂದ ಚರ್ಮದಲ್ಲಿ ಬೊಕ್ಕೆ ಏಳುತ್ತದೆ, ಹಾಗಾಗಿ ಇದನ್ನು ನೋಡಿ ಬಿಡುವುದೇ ಸರಿ. ಕಂಬಳಿಹುಳದ ಮುಳ್ಳುಗೂದಲು ಅಂಟಿದರೆ ತಿಕ್ಕಬಾರದು. ಅಂಟುಪಟ್ಟಿಯನ್ನು ಚರ್ಮದ ಮೇಲೆ ಒತ್ತಿ ಕಿತ್ತರೆ ಕೂದಲು ಅದರೊಂದಿಗೆ ಬರುತ್ತದೆ, ನಂತರ ಸಾಬೂನು ನೀರಿನಿಂದ ತೊಳೆಯಿರಿ. ಹೆಜ್ಜೇನಿನ ಹಲ್ಲೆಯಿರುವ ಮರ ಅಥವಾ ಕಟ್ಟಡದ ಹತ್ತಿರ ಮಕ್ಕಳ ಗುಂಪನ್ನು ನಿಲ್ಲಿಸಲೇಬಾರದು. ಜೇನು ಅಥವಾ ಕಣಜ ಕಡಿದ ಮೇಲೆ ತುಟಿ, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಅದು ಅಲರ್ಜಿ, ಆಗಲೂ ತಕ್ಷಣ ಆಸ್ಪತ್ರೆಯೇ ಗತಿ.

ಇಷ್ಟು ಓದಿ ಯಾರೂ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಬಾರದೆಂದು ವಿನಂತಿ. ಬೂಟು, ಕಾಲುಚೀಲ, ಉದ್ದ ಪ್ಯಾಂಟು ಹಾಕಿಸಿ, ಕಾಣದ ಜಾಗಕ್ಕೆ ಕೈ ಹಾಕಬಾರದೆಂಬ ಒಂದು ನಿಯಮವನ್ನು ರೂಢಿ ಮಾಡಿಸಿದರೆ ಬಹುಪಾಲು ಅಪಾಯ ಅಲ್ಲಿಗೇ ತಪ್ಪುತ್ತದೆ.

ಗದಗಿನ ತಾಯಿ · ಜೂನ್ 14

ನಮ್ಮ ಮನೆಯ ತೊಡಕು ಬೇರೆ. ನನ್ನ ಮಗಳಿಗೆ ಜಿರಲೆ, ಇರುವೆ, ಪಾತರಗಿತ್ತಿ ಎಲ್ಲವೂ ಒಂದೇ, ಕಂಡ ಕೂಡಲೇ ಚೀರುತ್ತಾಳೆ. ಈ ಹೆದರಿಕೆಯನ್ನು ಅವಳು ಹುಟ್ಟುವಾಗ ತಂದದ್ದಲ್ಲ, ಮನೆಯಲ್ಲಿ ನಾವೆಲ್ಲ ಚೀರುವುದನ್ನು ನೋಡಿ ಕಲಿತದ್ದು. ಅಂಥ ಮಗುವನ್ನು ಮೊದಲೇ ಹರಿದಾಡುವ ಹುಳಗಳ ನಡುವೆ ಕೂಡ್ರಿಸುವುದು ಸಾಧ್ಯವಿರಲಿಲ್ಲ. ಹುಳವೇ ಕಾಣದ ಒಂದು ಹುಳದಿಂದ ನಾವು ಆರಂಭಿಸಿದೆವು.

ನಮ್ಮ ಓಣಿಯ ಗುಡಿಯ ಪೌಳಿಯಲ್ಲಿ ಮಳೆ ತಾಗದ ಮೂಲೆಯೊಂದಿದೆ. ಅಲ್ಲಿಯ ನುಣ್ಣನೆಯ ಧೂಳಿನಲ್ಲಿ ಆಲಿಕೆಯ ಆಕಾರದ ಸಣ್ಣ ಸಣ್ಣ ಕುಣಿಗಳು. ಗುಬ್ಬಿಹುಳದ ಮನೆ ಎಂದು ನಮ್ಮ ಹಿರಿಯರು ತೋರಿಸುತ್ತಿದ್ದರು, ಪುಸ್ತಕಗಳಲ್ಲಿ ಇದನ್ನು ಇರುವೆಸಿಂಹ ಎನ್ನುತ್ತಾರೆ. ಕುಣಿಯ ಅಂಚಿನಲ್ಲಿ ಇರುವೆಯೊಂದು ಕಾಲು ತಪ್ಪಿದರೆ ಮಣ್ಣು ಜಾರುತ್ತದೆ. ಮೇಲೇರಲು ಅದು ಒದ್ದಾಡುವಾಗ ಕುಣಿಯ ತಳದಿಂದ ಯಾರೋ ಚಿಮ್ಮಿಸಿದಂತೆ ಮಣ್ಣಿನ ಕಣಗಳು ಮೇಲೆ ಬಂದು ಬೀಳುತ್ತವೆ, ಇರುವೆ ಮತ್ತೆ ಜಾರುತ್ತದೆ. ಕಡೆಗೆ ಕುಡುಗೋಲಿನ ಆಕಾರದ ಎರಡು ದವಡೆಗಳು ಒಂದು ಕ್ಷಣ ಕಾಣಿಸಿ ಇರುವೆಯನ್ನು ಒಳಗೆಳೆದುಕೊಳ್ಳುತ್ತವೆ. ಚೀರುವ ಮಗಳು ಬಾಯಿ ಮುಚ್ಚಿಕೊಂಡು ನೋಡಿದಳು, ಇನ್ನೊಮ್ಮೆ ಎಂದಳು. ಈಗ ಅವಳೇ ಇರುವೆಗಳನ್ನು ಹಿಡಿದು ತಂದು ಕುಣಿಗೆ ಹಾಕುತ್ತಾಳೆ. ಇರುವೆ ಹಿಡಿಯುವಷ್ಟು ಧೈರ್ಯ ಬಂದದ್ದಕ್ಕೆ ಸಂತೋಷಪಡಬೇಕೋ, ಹಿಡಿದು ಕೊಲ್ಲಿಸುತ್ತಿರುವುದಕ್ಕೆ ಗದರಿಸಬೇಕೋ ಎಂಬುದು ನನಗೆ ಬಗೆಹರಿದಿಲ್ಲ.

ಕೆಲಗೇರಿ ದಂಡೆ · ಜೂನ್ 14

ಗದರಿಸುವುದು ಬೇಡವೆಂದೇ ನನ್ನ ಅನಿಸಿಕೆ, ಆದರೆ ಇರುವೆಯ ಬದಲು ಹುಲ್ಲಿನ ಎಳೆಯನ್ನು ಅವಳ ಕೈಗೆ ಕೊಡಿ. ಕುಣಿಯ ಅಂಚಿನಲ್ಲಿ ಎಳೆಯನ್ನು ಮೆಲ್ಲಗೆ ಆಡಿಸಿ ನಾಲ್ಕು ಕಣ ಮಣ್ಣು ಉದುರಿಸಿದರೆ ಗುಬ್ಬಿಹುಳ ಮೋಸಹೋಗಿ ಮಣ್ಣು ತೂರುತ್ತದೆ. ಎಷ್ಟು ಸಲ ಮೋಸಹೋಗುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದನ್ನು ನೋಡುವುದೇ ಇರುವೆ ಹಾಕುವುದಕ್ಕಿಂತ ಸೊಗಸಾದ ಆಟ. ಆಮೇಲೆ ಒಂದನ್ನು ಚಮಚದಿಂದ ಮಣ್ಣಿನ ಸಮೇತ ಎತ್ತಿ, ಧೂಳು ತುಂಬಿದ ತಟ್ಟೆಯಲ್ಲಿ ಬಿಡಿ. ಅದು ನಡೆಯುವುದು ಹಿಂದಕ್ಕೆ ಮಾತ್ರ. ಹಿಂದೆ ಹಿಂದೆ ಸರಿಯುತ್ತ, ಸುತ್ತು ಹಾಕುತ್ತ, ತಲೆಯಿಂದ ಮಣ್ಣನ್ನು ಹೊರಗೆಸೆಯುತ್ತ ಹೊಸ ಕುಣಿ ತೋಡುತ್ತದೆ. ಕುಣಿಯ ಇಳಿಜಾರು ಮಣ್ಣು ಇನ್ನೇನು ಜಾರಬೇಕೆನ್ನುವಷ್ಟು ಕಡಿದಾಗಿರುತ್ತದೆ. ಅದಕ್ಕಾಗಿಯೇ ಇರುವೆಯ ತೂಕಕ್ಕೂ ಅದು ಕುಸಿಯುತ್ತದೆ.

ದೊಡ್ಡ ಮಕ್ಕಳಿಗೆ ಹೇಳಬಹುದಾದ ಇನ್ನೊಂದು ವಿಶೇಷವಿದೆ. ಈ ಮರಿಯ ಹೊಟ್ಟೆಗೆ ಹೊರದಾರಿಯೇ ಇಲ್ಲ. ತಿಂದದ್ದರ ಕಸವನ್ನೆಲ್ಲ ಒಳಗೇ ಕೂಡಿಟ್ಟುಕೊಂಡು, ರೆಕ್ಕೆ ಬಂದು ಹೊರಬಿದ್ದ ಮೇಲೆಯೇ ಅದು ವಿಸರ್ಜಿಸುವುದು. ಆಹಾರ ಸಿಗುವುದರ ಮೇಲೆ ಅವಲಂಬಿಸಿ ಮರಿಯ ಅವಸ್ಥೆ ಒಂದೆರಡು ವರ್ಷವೂ ನಡೆಯಬಹುದು. ಈ ಸಂಗತಿ ಹೇಳಿದ ದಿನ ನಮ್ಮ ಮಕ್ಕಳು ಬೇರೆ ಏನನ್ನೂ ನೋಡಲಿಲ್ಲ, ಇದನ್ನೇ ನೆನೆನೆನೆದು ನಕ್ಕರು. ಅದೂ ನಡೆಯಲಿ.

ಕಪ್ಪತಗುಡ್ಡ ಹತ್ತಿರವಿದೆಯೆಂದು ಗದಗಿನವರು ಮಕ್ಕಳ ಗುಂಪನ್ನು ಅಲ್ಲಿಗೆ ಒಯ್ಯುವ ಮನಸ್ಸು ಮಾಡಿದರೆ ಒಂದು ಮಾತು ಗಮನದಲ್ಲಿರಲಿ: ಅದು 2019ರಲ್ಲಿ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು, ಡಬ್ಬಿ ಒಯ್ಯಬಾರದು.

ಎರೆಹೊಲ · ಜೂನ್ 15

ಜೀರಂಗಿಯ ವಿಷಯದಲ್ಲಿ ವಿದ್ಯಾರ್ಥಿಯ ಮಾತು ಒಪ್ಪಿತ. ಪೆಟ್ಟಿಗೆಯಲ್ಲಿ ರಾತ್ರಿ ಇಡುವುದು ಬೇಡ, ಹಗಲು ಹಿಡಿದು ನೋಡಿ ಜಾಲಿಗೇ ಬಿಡಬಹುದು. ಆದರೆ ಹಿಡಿಯುವುದನ್ನೇ ನಿಷೇಧಿಸಿದ ಗುಂಪಿಗೆ ನನ್ನ ಮೊಮ್ಮಕ್ಕಳನ್ನು ನಾನು ಕಳಿಸುವುದಿಲ್ಲ.

ಹಾವೇರಿ ಶಾಲೆ · ಜೂನ್ 17

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಶಿಕ್ಷಕ. ಇಲ್ಲಿಯವರೆಗಿನ ಚರ್ಚೆಯಲ್ಲಿ ಪೇಟೆಯ ಮಕ್ಕಳೇ ಕಾಣುತ್ತಿದ್ದಾರೆ. ನಮ್ಮ ಮಕ್ಕಳಿಗೆ ಹುಳವೆಂದರೆ ಹೆದರಿಕೆಯೂ ಇಲ್ಲ, ಬೆರಗೂ ಇಲ್ಲ. ಅವರಿಗೆ ಹುಳವೆಂದರೆ ಮನೆಯ ನಷ್ಟ. ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳ 2018ರಲ್ಲಿ ಭಾರತದಲ್ಲಿಯೇ ಮೊದಲಿಗೆ ಕಂಡದ್ದು ನಮ್ಮ ರಾಜ್ಯದ ಮೆಕ್ಕೆಜೋಳದಲ್ಲಿ, ಮೆಕ್ಕೆಜೋಳವನ್ನೇ ನೆಚ್ಚಿದ ಈ ಜಿಲ್ಲೆಗೆ ಅದರ ಕಾಟ ಚೆನ್ನಾಗಿ ಗೊತ್ತು. ಇಂಥ ಮಕ್ಕಳ ಮುಂದೆ ಹುಳಗಳ ಸೌಂದರ್ಯ ವರ್ಣಿಸಿದರೆ ಅವರು ನಮ್ಮ ಮುಖ ನೋಡುತ್ತಾರೆ. ಹಾಗಾಗಿ ನಾನು ಶತ್ರುವಿನಿಂದಲೇ ಆರಂಭಿಸುತ್ತೇನೆ.

ಔಷಧ ಹೊಡೆಯದ ಹೊಲದ ಅಂಚಿನಲ್ಲಿ, ಸುಳಿಯಲ್ಲಿ ಕಟ್ಟಿಗೆಯ ಹೊಟ್ಟಿನಂಥ ಹಿಕ್ಕೆ ಬಿದ್ದ ಗಿಡವನ್ನು ಮಕ್ಕಳೇ ಹುಡುಕುತ್ತಾರೆ. ಸುಳಿ ಬಿಡಿಸಿದರೆ ಮರಿಹುಳ ಸಿಗುತ್ತದೆ. ಅದರ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗಾಗಿ ಬರೆದಂಥ ಗುರುತಿದೆಯೇ, ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆಗಳು ಚೌಕವಾಗಿ ಕುಳಿತಿವೆಯೇ ಎಂದು ಮಸೂರ ಹಿಡಿದು ನೋಡಬೇಕು. ಎರಡೂ ಇದ್ದರೆ ಅದು ಸೈನಿಕ ಹುಳ, ಇಲ್ಲದಿದ್ದರೆ ಬೇರೆ ಯಾವುದೋ. ಎಲ್ಲ ಮರಿಹುಳವೂ ಒಂದೇ ಅಲ್ಲವೆಂಬ ವಿಚಾರ ಮಕ್ಕಳ ತಲೆಗೆ ಹೋಗಲು ಇಷ್ಟು ಸಾಕು. ನಂತರದ ಪ್ರಶ್ನೆಯನ್ನು ಅವರೇ ಕೇಳುತ್ತಾರೆ: ಇದನ್ನು ತಿನ್ನುವವರು ಯಾರು? ಆಗ ಸತ್ತ ಮರಿಯ ಪಕ್ಕದಲ್ಲಿ ಬಿಳಿಯ ಗೂಡು ಕಟ್ಟಿದ ಪರಾವಲಂಬಿ ಕಣಜ, ಎಲೆಯ ಮೇಲೆ ಹೊಂಚು ಹಾಕಿದ ಜೇಡ, ಮರಿಗಳನ್ನು ಹೊತ್ತೊಯ್ಯುವ ಇರುವೆ ಕಾಣತೊಡಗುತ್ತವೆ. ಒಬ್ಬ ಹುಡುಗ ತನ್ನ ತಂದೆಗೆ ಗುಲಗಂಜಿ ಹುಳದ ಮರಿಯನ್ನು ತೋರಿಸಿ, ಇದು ಬೆಳೆ ತಿನ್ನುವುದಲ್ಲ, ಹೇನು ತಿನ್ನುವುದು ಎಂದು ವಾದಿಸಿದ. ಕೆಂಪು ದುಂಬಿಗೂ, ಮುಳ್ಳುಮುಳ್ಳಾದ ಬೂದು ಬಣ್ಣದ ಆ ಮರಿಗೂ ಸಂಬಂಧವೇ ಇಲ್ಲವೆಂದು ತಂದೆ ನಂಬಿದ್ದರು.

ಹೊಲಕ್ಕೆ ಕರೆದೊಯ್ಯುವವರು ಹೊಲದ ಒಡೆಯರನ್ನು ಕೇಳಿ, ಇತ್ತೀಚೆಗೆ ಏನು ಸಿಂಪಡಿಸಿದ್ದಾರೆಂದು ತಿಳಿದುಕೊಂಡೇ ಹೋಗಬೇಕು. ಬದುವಿನ ಮೇಲೆ ಬಿಸಾಡಿದ ಔಷಧದ ಬಾಟಲಿಗಳ ಮೇಲೆ ಬಣ್ಣದ ತ್ರಿಕೋನದ ಗುರುತಿರುತ್ತದೆ. ಕೆಂಪು ಎಲ್ಲಕ್ಕಿಂತ ತೀವ್ರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾವ ಬಣ್ಣವಿದ್ದರೂ ಮುಟ್ಟಬಾರದೆಂಬುದನ್ನು ಹುಳಕ್ಕಿಂತ ಮೊದಲು ಕಲಿಸಿರಿ.

ಮಳೆಯೊಂದಿಗೆ ಈ ಕೆಲಸ ಮುಗಿಯುವುದಿಲ್ಲವೆಂಬುದನ್ನೂ ಸೇರಿಸುತ್ತೇನೆ. ಹಿಂಗಾರಿಯ ಕುಸುಬೆಗೆ ಹೇನು ಹತ್ತಿದಾಗ ಗುಲಗಂಜಿ ಹುಳಗಳು ಮಳೆಗಾಲಕ್ಕಿಂತ ಹೆಚ್ಚಾಗಿ ಸಿಗುತ್ತವೆ. ಧಾರವಾಡದ ಕೃಷಿ ಮೇಳಕ್ಕೆ ಹೋಗುವವರು ಅಲ್ಲಿಯ ಕೀಟಗಳ ಪ್ರದರ್ಶನವನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ. ಗದ್ದಲವಿರುತ್ತದೆ, ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು.

ಉಣಕಲ್ ಮೂರನೇ ಮಹಡಿ · ಜುಲೈ 6

ಕರಿಬೇವಿನ ಗಿಡದಲ್ಲಿ ಹಿಕ್ಕೆಯಂಥ ಮರಿ ಬಂದಿದೆ, ವಿದ್ಯಾರ್ಥಿಯವರಿಗೆ ಧನ್ಯವಾದಗಳು. ಎರಡು ಪ್ರಶ್ನೆಗಳಿವೆ. ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳನ್ನು ಮಕ್ಕಳ ಕೈಗೆ ಕೊಡಬಹುದೇ? ರಾತ್ರಿ ದೀಪ ಹಚ್ಚಿ ಪತಂಗ ನೋಡುವ ಕ್ರಮವನ್ನು ಮಹಡಿಯ ಮೇಲೆ ಮಾಡಬಹುದೇ?

ಕೀಟ ವಿದ್ಯಾರ್ಥಿ · ಜುಲೈ 7

ಸೀಕ್ ಎಂಬ ಆ್ಯಪ್‌ಗೆ ಖಾತೆ ತೆರೆಯುವ ಅಗತ್ಯವಿಲ್ಲದ ಕಾರಣ ಮಕ್ಕಳಿಗೆ ಅದು ಸೂಕ್ತ. ಐನ್ಯಾಚುರಲಿಸ್ಟ್‌ನಲ್ಲಿ ದೊಡ್ಡವರ ಖಾತೆಯಿಂದಲೇ ಹಾಕಿರಿ, ಮನೆಯ ನಿಖರ ಸ್ಥಳವನ್ನು ಮರೆಮಾಡಿರಿ. ಪಾತರಗಿತ್ತಿಗಳ ಹೆಸರನ್ನು ಇವು ಸಾಮಾನ್ಯವಾಗಿ ಸರಿಯಾಗಿ ಹೇಳುತ್ತವೆ. ಸಣ್ಣ ನೊಣ, ಕಣಜ, ದುಂಬಿಗಳ ವಿಷಯದಲ್ಲಿ ಫೋಟೊ ನೋಡಿ ಜಾತಿ ಹೇಳುವುದು ತಜ್ಞರಿಗೂ ಅನೇಕ ವೇಳೆ ಸಾಧ್ಯವಿಲ್ಲ, ಕುಟುಂಬದ ಮಟ್ಟಕ್ಕೆ ನಿಲ್ಲುವುದೇ ಪ್ರಾಮಾಣಿಕತನ. ನನ್ನ ಸಲಹೆ ಏನೆಂದರೆ, ಹುಳ ಕಂಡ ಜಾಗದಲ್ಲಿ ಫೋನು ತೆಗೆಯಬೇಡಿ. ಮಗು ಮೊದಲು ಚಿತ್ರ ಬರೆಯಲಿ, ಕಾಲೆಷ್ಟು, ಮೀಸೆ ಹೇಗಿದೆ, ಏನು ತಿನ್ನುತ್ತಿತ್ತು ಎಂಬುದನ್ನು ಹೇಳಲಿ. ಹೆಸರನ್ನು ಮನೆಗೆ ಬಂದ ಮೇಲೆ ನೋಡಿದರಾಯಿತು. ಹೆಸರು ಗೊತ್ತಾದ ಕೂಡಲೇ ನೋಡುವುದು ನಿಂತುಹೋಗುತ್ತದೆಂಬುದು ನಾವು ವಿದ್ಯಾರ್ಥಿಗಳಲ್ಲಿಯೂ ಕಾಣುವ ಜಾಡ್ಯ.

ಮಹಡಿಯ ಮೇಲೆ ದೀಪ ಹಚ್ಚಲು ಅಡ್ಡಿಯಿಲ್ಲ. ಬಿಳಿಯ ಧೋತರವನ್ನು ಗೋಡೆಗೆ ತೂಗುಹಾಕಿ ಅದರ ಮುಂದೆ ಒಂದು ದೀಪ ಇಡಿ. ಅಮಾವಾಸ್ಯೆಯ ಹತ್ತಿರದ, ಗಾಳಿಯಿಲ್ಲದ, ಮಳೆ ನಿಂತು ಸೆಕೆಯಾದ ರಾತ್ರಿ ಒಳ್ಳೆಯದು. ಜುಲೈ ತಿಂಗಳ ಕೊನೆಯ ವಾರದಲ್ಲಿ ಪತಂಗಗಳ ಸಪ್ತಾಹವನ್ನು ಅನೇಕ ಕಡೆ ಆಚರಿಸುತ್ತಾರೆ, ಆ ನೆಪವೂ ಆಯಿತು. ಕಣಗಿಲೆ ಅಥವಾ ನಂದಿಬಟ್ಟಲು ಹತ್ತಿರದಲ್ಲಿದ್ದರೆ ಹಸಿರು ಮತ್ತು ಗುಲಾಬಿ ಬಣ್ಣದ ಗಿಡುಗ ಪತಂಗ ಬರುವ ಸಂಭವವಿದೆ. ಒಂಬತ್ತು ಗಂಟೆಯ ಹೊತ್ತಿಗೆ ದೀಪ ಆರಿಸಲೇಬೇಕು, ಇಲ್ಲದಿದ್ದರೆ ಅವು ಆಹಾರವನ್ನೂ ಜೊತೆಯನ್ನೂ ಬಿಟ್ಟು ಅಲ್ಲಿಯೇ ಸುತ್ತುತ್ತ ದಣಿಯುತ್ತವೆ, ಬೆಳಗಾಗುತ್ತಲೇ ಹಕ್ಕಿಗಳ ಪಾಲಾಗುತ್ತವೆ.

ಮಕ್ಕಳ ವೈದ್ಯೆ, ಹುಬ್ಬಳ್ಳಿ · ಜುಲೈ 7

ಮಳೆಗಾಲದ ದೀಪಕ್ಕೆ ಬರುವವರಲ್ಲಿ ಕಿತ್ತಳೆ ಮತ್ತು ಕಪ್ಪು ಬಣ್ಣದ, ಅಕ್ಕಿ ಕಾಳಿಗಿಂತ ತುಸು ಉದ್ದದ ಒಂದು ತೆಳ್ಳನೆಯ ದುಂಬಿ ಇರುತ್ತದೆ. ಮೈಮೇಲೆ ಕುಳಿತರೆ ಊದಿ ಹಾರಿಸಬೇಕು. ಚಚ್ಚಿದರೆ ಅದರ ಮೈರಸ ತಾಗಿದ ಕಡೆ ಒಂದೆರಡು ದಿನಗಳಲ್ಲಿ ಸುಟ್ಟಂಥ ಗಾಯವಾಗುತ್ತದೆ. ಮಕ್ಕಳಿಗೆ ತುಂಬುತೋಳಿನ ಅಂಗಿ ಹಾಕಿಸಿ, ಮುಗಿದ ಮೇಲೆ ಕೈ ಮುಖ ತೊಳೆಸಿರಿ.

ಗದಗಿನ ತಾಯಿ · ಜುಲೈ 27

ನಾವೂ ಧೋತರ ಕಟ್ಟಿದೆವು. ಏರೋಪ್ಲೇನ್ ಚಿಟ್ಟೆಯಂಥದ್ದೇ ಒಂದು ಬಂದು ಕುಳಿತಿತ್ತು, ಆದರೆ ಹಾರಾಟ ಬಲು ಜೋಲಿ, ರೆಕ್ಕೆಗಳನ್ನು ಮೈಮೇಲೆ ಗುಡಿಸಲಿನಂತೆ ಇಳಿಬಿಟ್ಟಿತ್ತು. ರಾತ್ರಿ ಏರೋಪ್ಲೇನ್ ಚಿಟ್ಟೆ ದೀಪಕ್ಕೆ ಬರುತ್ತದೆಯೇ ಎಂದು ಮಗಳ ಪ್ರಶ್ನೆ.

ಕೀಟ ವಿದ್ಯಾರ್ಥಿ · ಜುಲೈ 27

ಮೀಸೆಯನ್ನು ನೋಡಿದ್ದಳೇ ಎಂದು ಅವಳನ್ನು ಕೇಳಿರಿ. ಏರೋಪ್ಲೇನ್ ಚಿಟ್ಟೆಯ ಮೀಸೆ ಕೂದಲಿನಷ್ಟು ಸಣ್ಣದು, ಕಂಡೂ ಕಾಣದಂತಿರುತ್ತದೆ, ಅದು ಕುಳಿತಾಗ ರೆಕ್ಕೆಗಳನ್ನು ಅಗಲಕ್ಕೆ ಚಾಚಿರುತ್ತದೆ. ನೀವು ಕಂಡದ್ದರ ಮೀಸೆ ದಪ್ಪಗಿದ್ದು ತುದಿ ಗದೆಯಂತೆ ಉಬ್ಬಿದ್ದರೆ, ಅದು ನಿಮ್ಮ ಗುಡಿಯ ಪೌಳಿಯ ಗುಬ್ಬಿಹುಳಕ್ಕೆ ರೆಕ್ಕೆ ಬಂದ ಮೇಲಿನ ರೂಪ. ಮರಿ ಧೂಳಿನೊಳಗೆ ರೇಷ್ಮೆ ಸುತ್ತಿ, ಮಣ್ಣಿನ ಕಣಗಳನ್ನು ಅಂಟಿಸಿಕೊಂಡು ಗೋಲಿಯಾಕಾರದ ಗೂಡು ಕಟ್ಟಿ, ಅದರೊಳಗಿಂದ ಹೀಗೆ ಹೊರಬರುತ್ತದೆ. ಹೆಣ್ಣು ಮತ್ತೆ ಅಂಥದ್ದೇ ಒಣ ಧೂಳಿನಲ್ಲಿ ಮೊಟ್ಟೆ ಇಡುವುದರಿಂದ, ಪೌಳಿಗೆ ಫರಸಿ ಹಾಕಿಸುವ ವಿಚಾರ ಗುಡಿಯವರಿಗಿದ್ದರೆ ಆ ಒಂದು ಮೂಲೆಯನ್ನು ಬಿಡಲು ಹೇಳಿ ನೋಡಿರಿ.